ಕೊಳಕ್ಕೆ ಹಾಕಿದ ಉಪ್ಪು

ಸಾರಿಗೆ ಉಪ್ಪು ಕಡಿಮೆಯಾದರೆ ಎಲೆಯ ಮುಂದೆ ಕುಳಿತವರು ಕೇಳಿ ಹಾಕಿಸಿಕೊಳ್ಳುತ್ತಾರೆ. ಹೆಚ್ಚಾದರೆ ಮನೆಯವರೆಲ್ಲ ಮಾತಿಲ್ಲದೆ ನೀರು ಕುಡಿಯುತ್ತಾರೆ. ಈ ಎರಡು ತಪ್ಪುಗಳು ಒಂದೇ ತೂಕದವಲ್ಲವೆಂಬುದನ್ನು ಅಡಿಗೆಮನೆಯಲ್ಲಿ ಕೈ ಪಳಗಿದ ಗೃಹಿಣಿ ಚೆನ್ನಾಗಿ ಬಲ್ಲಳು. ಆಲೂಗಡ್ಡೆಯ ಹೋಳು ಹಾಕುವುದು, ಹಿಟ್ಟಿನ ಉಂಡೆ ಬಿಡುವುದು ಮೊದಲಾದ ಉಪಾಯಗಳೇನೋ ಉಂಟು. ಆದರೆ ಅವು ಉಪ್ಪಿನ ಜೊತೆಗೆ ಸಾರನ್ನೂ ಹೀರುತ್ತವೆಯೇ ಹೊರತು ಉಪ್ಪನ್ನು ಮಾತ್ರ ಆರಿಸಿ ತೆಗೆಯಲಾರವು. ಕೊನೆಗೆ ಉಳಿಯುವ ದಾರಿ ಒಂದೇ: ನೀರು ಬೆರೆಸಿ, ಬೇಳೆ ಕೂಡಿಸಿ, ನಾಲ್ವರ ಸಾರನ್ನು ಎಂಟು ಜನರ ಸಾರನ್ನಾಗಿ ಮಾಡುವುದು.

ಪಾತ್ರೆ ಚಿಕ್ಕದಾಗಿರುವಾಗ ಇದು ನಗೆಯ ಮಾತು. ಪಾತ್ರೆಯೇ ನಲವತ್ತೆಂಟು ಸಾವಿರ ಲೀಟರು ಹಿಡಿಯುವಂಥದಾದರೆ? ಹೊಸದಾಗಿ ಕಟ್ಟಿಸಿದ ಉಪ್ಪುನೀರಿನ ಈಜುಕೊಳಕ್ಕೆ ಮೊದಲ ಬಾರಿ ಉಪ್ಪು ಸುರಿಯಲು ನಿಂತವನ ಎದುರಿಗಿರುವುದು ಇದೇ ಪ್ರಶ್ನೆ.

ಇಂಥ ಕೊಳವು ಬೀದರ ಜಿಲ್ಲೆಯ ಮುಡಬಿಯಂಥ ಊರಿನ ತೋಟದ ಮನೆಯೊಂದರಲ್ಲಿ ಎದ್ದಿದೆಯೆಂದು ಭಾವಿಸಿ ನೋಡಬೇಕು. ಏಕೆಂದರೆ ಉಪ್ಪಿನ ಬೆಲೆ ತಿಳಿಯುವುದು ಕಡಲ ತೀರದಲ್ಲಲ್ಲ. ಮುಡಬಿ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ್ದು. ಸಮುದ್ರಮಟ್ಟಕ್ಕಿಂತ ಸುಮಾರು ಎರಡು ಸಾವಿರ ಅಡಿ ಎತ್ತರದ ಬಯಲುಸೀಮೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರಿಗೂ ಮೇಲ್ಪಟ್ಟು ನಡೆಯದೆ ಸಮುದ್ರವು ಕಣ್ಣಿಗೆ ಬೀಳದು. ರೈಲು ಬರುವುದಕ್ಕೆ ಮುಂಚೆ ದಖನ್ನಿನ ಈ ಭಾಗಗಳಿಗೆ ಉಪ್ಪು ಬರುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. ಕಾಳು ಕೊಟ್ಟು ಉಪ್ಪು, ಉಪ್ಪು ಕೊಟ್ಟು ಕಾಳು ಎಂದು ನಾಡಿನಿಂದ ನಾಡಿಗೆ ಸಾವಿರಾರು ಎತ್ತುಗಳನ್ನು ಹೊಡೆದುಕೊಂಡು ತಿರುಗಿದವರು ಲಂಬಾಣಿಗಳು. ಅವರ ಹೆಸರೇ ‘ಲವಣ’ ಶಬ್ದದಿಂದ ಹುಟ್ಟಿತೆಂದು ಹೇಳುವವರಿದ್ದಾರೆ. ಅವರ ತಾಂಡಾಗಳು ಬೀದರ, ಕಲಬುರ್ಗಿ ಸೀಮೆಗಳಲ್ಲಿ ಇಂದಿಗೂ ಉಂಟು. ಹೀಗೆ ಹಿಡಿಹಿಡಿಯಾಗಿ ಅಳೆದು ಕೊಂಡ ಉಪ್ಪನ್ನು ಒಂದು ದಿನ ಮೂಟೆಗಟ್ಟಲೆ ನೀರಿಗೆ ಸುರಿಯುವವರು ಬಂದಾರೆಂದು ಯಾರಾದರೂ ಹೇಳಿದ್ದರೆ ಆ ಕಾಲದ ಜನ ನಂಬುತ್ತಿದ್ದರೆ?

ನೀರಾಟವೇನೋ ಆ ಸೀಮೆಗೆ ಹೊಸದಲ್ಲ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನಿಗೆ ತಕ್ಕ ಇಪ್ಪತ್ತು ಕ್ರೀಡೆಗಳನ್ನು ಎಣಿಸುವಾಗ ಅವನು ನೀರೆರಚುವ ಆಟಕ್ಕೂ ನೀರೊಳಗಿನ ಆಟಕ್ಕೂ ಬೇರೆ ಬೇರೆ ಸ್ಥಾನ ಕೊಟ್ಟಿದ್ದಾನೆ. ಎಂಟುನೂರು ಮಿಲಿಮೀಟರಿಗೆ ತುಸು ಮೇಲ್ಪಟ್ಟ ಮಳೆಯ ನಾಡಿನಲ್ಲಿ ನೀರಿನಲ್ಲಿ ಮುಳುಗೇಳುವುದೇ ಒಂದು ರಾಜವೈಭವವೆಂದು ಅವನು ಎಣಿಸಿದ್ದರೆ ತಪ್ಪೇನೂ ಇಲ್ಲ. ಇಂದಿನ ತೋಟದ ಮನೆಯ ಒಡೆಯನು ಅರಸನಲ್ಲ. ಆದರೆ ಮಕ್ಕಳು ರಜೆಗೆ ಬಂದಾಗ ಆಡಲೆಂಬ ಆಸೆ ಅವನಿಗೂ ಇರಬಾರದೆ?

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಉಪ್ಪುನೀರಿನ ಕೊಳವೆಂದರೆ ಮನೆಯಂಗಳಕ್ಕೆ ತಂದ ಸಮುದ್ರವಲ್ಲ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಕೊಳಕ್ಕೆ ಬೇಕಾದುದು ಮೂರರಿಂದ ನಾಲ್ಕು ಗ್ರಾಂ, ಎಂದರೆ ಅದರ ಹತ್ತರಲ್ಲೊಂದು ಪಾಲು. ಮನುಷ್ಯನ ಕಣ್ಣೀರು ಕೂಡ ಇದಕ್ಕಿಂತ ಉಪ್ಪು. ಆದಕಾರಣವೇ ಇಂಥ ನೀರು ಕಣ್ಣಿಗೆ ಅಷ್ಟಾಗಿ ಉರಿಯುವುದಿಲ್ಲ. ಬಾಯಿಗೆ ಹೋದರೆ ತುಸು ಸಪ್ಪೆಯಾದ ಉಪ್ಪುನೀರೆನ್ನಿಸುತ್ತದೆ, ಅಷ್ಟೆ.

ಎರಡನೆಯ ತಪ್ಪು ಕಲ್ಪನೆ ಇನ್ನೂ ದೊಡ್ಡದು. ಉಪ್ಪು ಹಾಕಿದ ಕೊಳದಲ್ಲಿ ಕ್ಲೋರೀನಿಲ್ಲವೆಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ವಾಸ್ತವವಾಗಿ ಉಪ್ಪನ್ನು ಹಾಕುವುದೇ ಕ್ಲೋರೀನಿಗಾಗಿ. ಪಂಪಿನಿಂದ ಬರುವ ನೀರು ಒಂದು ಚಿಕ್ಕ ಕೋಶದ ಮೂಲಕ ಹಾಯುತ್ತದೆ. ಅದರೊಳಗೆ ಲೋಹದ ಫಲಕಗಳು ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ವಿದ್ಯುತ್ತು ಹರಿದಾಗ ಉಪ್ಪಿನಲ್ಲಿರುವ ಕ್ಲೋರೈಡು ಕ್ಲೋರೀನಾಗಿ ನೀರಿನಲ್ಲಿ ಕರಗಿ, ಹೈಪೋಕ್ಲೋರಸ್ ಆಮ್ಲವೆಂಬ ಕ್ರಿಮಿನಾಶಕವಾಗುತ್ತದೆ. ಅದು ತನ್ನ ಕೆಲಸ ಮುಗಿಸಿದ ಮೇಲೆ ಮತ್ತೆ ಕ್ಲೋರೈಡಾಗಿ ಉಪ್ಪಿಗೇ ಹಿಂದಿರುಗುತ್ತದೆ. ಮರಳಿ ಕೋಶಕ್ಕೆ ಬರುತ್ತದೆ. ಎಣ್ಣೆ ತೀರಿದಂತೆ ಈ ಉಪ್ಪು ತೀರುವುದಿಲ್ಲ. ಬಿಸಿಲಿಗೆ ನೀರು ಆವಿಯಾಗಿ ಹೋದರೂ ಉಪ್ಪು ಹೋಗದು. ಈಜುವವರು ಹೊರಗೆ ಚೆಲ್ಲಿದ ನೀರಿನೊಡನೆ, ಶೋಧಕವನ್ನು ತೊಳೆದ ನೀರಿನೊಡನೆ, ಕೊಳ ಸೋರಿದರೆ ಆ ನೀರಿನೊಡನೆ, ಮಳೆಗಾಲದಲ್ಲಿ ಕಟ್ಟೆ ಮೀರಿ ಹರಿದ ನೀರಿನೊಡನೆ ಮಾತ್ರ ಅದು ಹೊರಬೀಳುತ್ತದೆ.

ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹರಿಸಿ ಕ್ಲೋರೀನು ಪಡೆಯಬಹುದೆಂದು 1800ರಲ್ಲಿಯೇ ವಿಲಿಯಂ ಕ್ರೂಕ್‌ಶಾಂಕನು ಕಂಡಿದ್ದನು. ಆದರೂ ಅದು ಮನೆಯ ಕೊಳಕ್ಕೆ ಬರಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ತೊಡಕು ಫಲಕಗಳದು, ಕ್ಲೋರೀನನ್ನು ಹುಟ್ಟಿಸುವ ಲೋಹವನ್ನು ಆ ಕ್ಲೋರೀನೇ ತಿಂದುಹಾಕುತ್ತಿತ್ತು. 1965ರಲ್ಲಿ ಹೆನ್ರಿ ಬೇರ್ ಎಂಬಾತನು ಟೈಟೇನಿಯಂ ತಗಡಿಗೆ ರುಥೇನಿಯಂ ಆಕ್ಸೈಡಿನ ಲೇಪ ಕೊಡುವ ಉಪಾಯಕ್ಕೆ ಪೇಟೆಂಟು ಪಡೆದ ಮೇಲೆ ಬಾಳಿಕೆಯ ಫಲಕಗಳು ದೊರೆತವು. ಮುಂದೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ 1970ರ ದಶಕದಿಂದ ಇಂಥ ಕೊಳಗಳು ಹರಡಿದವು. ಇಂದು ಸಿಡ್ನಿ, ಮೆಲ್ಬರ್ನುಗಳಲ್ಲಿ ನೆಲೆಸಿದ ಕನ್ನಡ ಮನೆತನಗಳಿಗೆ ಹಿತ್ತಲಿನ ಉಪ್ಪುನೀರಿನ ಕೊಳ ಅಷ್ಟೇನೂ ಅಪರೂಪದ ನೋಟವಲ್ಲ. ಅಲ್ಲಿ ನೋಡಿ ಬಂದವರು ಇಲ್ಲಿಯೂ ಕಟ್ಟಿಸಬಯಸುವುದು ಸಹಜ. ಆದರೆ ಅಲ್ಲಿಯ ಊರಿಗೆ ಒಳಚರಂಡಿಯುಂಟು, ಕೊಳಾಯಿಯಲ್ಲಿ ಮೆದು ನೀರುಂಟು. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ಮುಡಬಿಯ ಕೊಳಕ್ಕೆ ಬರೋಣ. ಉದ್ದ ಎಂಟು ಮೀಟರು, ಅಗಲ ನಾಲ್ಕು, ಸರಾಸರಿ ಆಳ ಒಂದೂವರೆ. ಗಾರೆ ಮುಗಿದು, ನೀರು ತುಂಬಿ, ನೀಲಿ ಬಣ್ಣ ಹೊಳೆಯುತ್ತಿದೆ. ಉಪ್ಪಿನ ಮೂಟೆಗಳು ಬಂದು ಕುಳಿತಿವೆ. ಮಕ್ಕಳಿಗೆ ತಾಳ್ಮೆಯಿಲ್ಲ. ಆದರೆ ಅಂದೇ ಉಪ್ಪು ಸುರಿಯುವುದು ಮೊದಲ ದೊಡ್ಡ ತಪ್ಪು.

ಸಿಮೆಂಟಿನ ಗಾರೆಯು ಒಣಗುವುದರಿಂದ ಗಟ್ಟಿಯಾಗುವುದಲ್ಲ. ನೀರಿನೊಡನೆ ಕೂಡಿ ದಿನದಿಂದ ದಿನಕ್ಕೆ ಬಲಿಯುತ್ತದೆ. ನೀರು ತುಂಬಿದ ಮೇಲೂ ವಾರಗಟ್ಟಲೆ ಅದರಿಂದ ಸುಣ್ಣದ ಅಂಶ ಹೊರಬರುತ್ತಿರುತ್ತದೆ. ಆ ಎಳೆಯ ಮೈಗೆ ಉಪ್ಪು ಸೋಕಿದರೆ, ಅದರಲ್ಲಿಯೂ ಕರಗದ ಹರಳುಗಳು ತಳದಲ್ಲಿ ಕುಳಿತರೆ, ಮೈ ಒರಟಾಗಿ ಕಲೆ ಬೀಳುತ್ತದೆ. ಗಾರೆಯ ಕೊಳಕ್ಕೆ ನೀರು ತುಂಬಿದ ದಿನದಿಂದ ಕನಿಷ್ಠ 28 ದಿನ ಉಪ್ಪು ಹಾಕಬಾರದೆಂಬುದು ಬಲ್ಲವರ ನಿಯಮ. ಈ ಅವಧಿಯಲ್ಲಿ ದಿನವೂ ಗೋಡೆ, ತಳಗಳನ್ನು ಕುಂಚದಿಂದ ಉಜ್ಜಬೇಕು, ಏರುವ ಪಿ.ಎಚ್. ಪ್ರಮಾಣವನ್ನು ಆಮ್ಲದಿಂದ ಇಳಿಸುತ್ತಿರಬೇಕು; ಕ್ಲೋರೀನನ್ನು ಸಾಮಾನ್ಯ ರೀತಿಯಲ್ಲಿಯೇ ಕೈಯಿಂದ ಹಾಕಬೇಕು. ಬಾಣಂತಿಗೆ ಪಥ್ಯವಿರುವಂತೆ ಹೊಸ ಕೊಳಕ್ಕೂ ಒಂದು ಪಥ್ಯ. ಕೆಲಸ ಮುಗಿಸಿ ಹಣ ಪಡೆದು ಹೊರಡುವ ಆತುರದಲ್ಲಿ ಕೆಲವು ಗುತ್ತಿಗೆದಾರರು ಈ ಮಾತನ್ನು ಹೇಳುವುದೇ ಇಲ್ಲವೆಂಬುದು ಬೇರೆ ವಿಷಯ.

ಇನ್ನು ಲೆಕ್ಕ. ಎಂಟು, ನಾಲ್ಕು, ಒಂದೂವರೆಗಳನ್ನು ಗುಣಿಸಿದರೆ 48 ಘನಮೀಟರು, ಎಂದರೆ 48,000 ಲೀಟರು. ಲೀಟರಿಗೆ ಮೂರೂವರೆ ಗ್ರಾಮಿನಂತೆ 168 ಕಿಲೋಗ್ರಾಂ ಉಪ್ಪು ಬೇಕು. ಐವತ್ತು ಕಿಲೋದ ಮೂಟೆಗಳಲ್ಲಿ ಮೂರು ಮೂಟೆ, ಮೇಲೆ ಹದಿನೆಂಟು ಕಿಲೋ. ಆದರೆ ತುಂಬಿದ ನೀರಿನಲ್ಲಿಯೇ ಒಂದಿಷ್ಟು ಉಪ್ಪು ಮೊದಲೇ ಇರುತ್ತದೆ. ಕೊಳವೆಬಾವಿಯ ನೀರಾದರೆ ಅದು ಕಡೆಗಣಿಸುವಷ್ಟು ಅಲ್ಪವಾಗಿರದು. ಮೇಲಾಗಿ ಕೈಯಿಂದ ಹಾಕಿದ ಕ್ಲೋರೀನೂ ಆಮ್ಲವೂ ಆ ತಿಂಗಳಲ್ಲಿ ತಮ್ಮ ಪಾಲಿನ ಕ್ಲೋರೈಡನ್ನು ಸೇರಿಸಿರುತ್ತವೆ. ಆದುದರಿಂದ ಮೊದಲು ಅಳೆದು ನೋಡಿ, ಕೊರತೆಯೆಷ್ಟೆಂದು ತಿಳಿದು, ಆ ಕೊರತೆಯಲ್ಲಿಯೂ ನಾಲ್ಕು ಪಾಲಿನಲ್ಲಿ ಮೂರು ಪಾಲನ್ನಷ್ಟೇ ಹಾಕಿ ನಿಲ್ಲಿಸಬೇಕು. ಒಂದು ಹಗಲು ಒಂದು ರಾತ್ರಿ ಪಂಪು ನಡೆದ ಮೇಲೆ ಮತ್ತೆ ಅಳೆಯಬೇಕು.

ಈ ಎಚ್ಚರವೆಲ್ಲ ಅತಿಯಾಯಿತೆಂದು ತೋರುವವರಿಗೆ ಇನ್ನೊಂದು ಲೆಕ್ಕವುಂಟು. ‘ಬಂದದ್ದು ಐದು ಮೂಟೆ, ಐದನ್ನೂ ಹಾಕಿಬಿಡಿ’ ಎಂದು ಯಾರೋ ಹೇಳಿದರೆನ್ನೋಣ. ಆಗ ಉಪ್ಪು ಲೀಟರಿಗೆ ಐದು ಗ್ರಾಮನ್ನು ಮೀರುತ್ತದೆ. ಅನೇಕ ಯಂತ್ರಗಳು ಅಷ್ಟು ಉಪ್ಪನ್ನು ಒಪ್ಪದೆ ತಾವಾಗಿ ನಿಂತುಬಿಡುತ್ತವೆ. ಹೆಚ್ಚಾದ ಉಪ್ಪನ್ನು ಅಡಗಿಸುವ ಯಾವ ಪುಡಿಯೂ ಅಂಗಡಿಯಲ್ಲಿ ಸಿಗದು. ಕೊಳದ ಮೂರರಲ್ಲೊಂದು ಪಾಲು, ಹದಿನೈದು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಹೊರಚೆಲ್ಲಿ, ಅಷ್ಟೇ ಸಿಹಿನೀರನ್ನು ತುಂಬಬೇಕು. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಮೂರು ಟ್ಯಾಂಕರು ನೀರು! ಅದೂ ವೈಶಾಖದಲ್ಲಿ, ಬಾವಿಗಳು ತಳ ಕಂಡಿರುವಾಗ. ಕಡಿಮೆ ಹಾಕಿದ್ದರೆ ಮರುದಿನ ಇನ್ನೊಂದು ಬೊಗಸೆ ಹಾಕುವುದರಲ್ಲಿ ಮುಗಿಯುತ್ತಿತ್ತು.

ಯಾವ ಉಪ್ಪು ಎಂಬುದೂ ಮುಖ್ಯವೇ. ಅಡಿಗೆಮನೆಯ ಪೊಟ್ಟಣದ ಉಪ್ಪು ಬೇಡ. ಅಯೋಡಿನಿಲ್ಲದ ಉಪ್ಪನ್ನು ಊಟಕ್ಕಾಗಿ ಮಾರಬಾರದೆಂಬ ನಿಯಮ ದೇಶದಲ್ಲಿ 2006ರಿಂದ ಮತ್ತೆ ಜಾರಿಗೆ ಬಂದಿತು. ಆದಕಾರಣ ಪೊಟ್ಟಣದ ಉಪ್ಪಿನಲ್ಲಿ ಅಯೋಡಿನಿರುತ್ತದೆ, ಗಡ್ಡೆ ಕಟ್ಟದಂತೆ ಬೆರೆಸಿದ ದ್ರವ್ಯವೂ ಇರಬಹುದು. ಈ ದ್ರವ್ಯವು ಗಾರೆಗೆ ಕಲೆ ಹಚ್ಚುವುದುಂಟು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಅಳಿವೆಯ ನೀರನ್ನು ಗದ್ದೆಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಬಿಟ್ಟು ತೆಗೆಯುವ ಹರಳುಪ್ಪು ಉಪ್ಪಿನಕಾಯಿಗೆ ಬಲು ಸೊಗಸು. ಆದರೆ ಅದರೊಡನೆ ಬರುವ ಮಣ್ಣಿನ ಕಣ, ಮೆಗ್ನೀಸಿಯಂ ಲವಣಗಳು ಕೊಳಕ್ಕೆ ಒಗ್ಗವು. ಶೇಕಡ 99ಕ್ಕಿಂತ ಹೆಚ್ಚು ಶುದ್ಧವಾದ, ಅಯೋಡಿನಿಲ್ಲದ, ಬೇಗ ಕರಗುವ ಸಣ್ಣ ಹರಳಿನ ಉಪ್ಪು ಬೇಕು. ಭಾರತದ ಉಪ್ಪಿನ ಬಹುಪಾಲು ಗುಜರಾತಿನದು. ಈ ಕೆಲಸಕ್ಕೆ ಬರುವ ಮೂಟೆಯೂ ಸಾಮಾನ್ಯವಾಗಿ ಅಲ್ಲಿಂದಲೇ ಹೊರಟಿರುತ್ತದೆ.

ಸುರಿಯುವ ಕ್ರಮ ಸುಲಭ. ಕೋಶದ ವಿದ್ಯುತ್ತನ್ನು ಆರಿಸಿ, ಪಂಪನ್ನು ಮಾತ್ರ ನಡೆಸಬೇಕು. ಮೂಟೆಯನ್ನು ಒಂದೇ ಕಡೆ ಬಗ್ಗಿಸದೆ, ಕೊಳದ ಅಂಚಿನುದ್ದಕ್ಕೂ ನಡೆಯುತ್ತ, ಬಿತ್ತನೆ ಮಾಡಿದಂತೆ ಎರಚಬೇಕು. ನೀರು ಹೀರುವ ಬಾಯಿಗಳ ಹತ್ತಿರ ಹಾಕಬಾರದು. ತಳಕ್ಕಿಳಿದ ಹರಳುಗಳು ರಾಶಿಯಾಗಿ ನಿಲ್ಲದಂತೆ ಉದ್ದನೆಯ ಕುಂಚದಿಂದ ಕೆದಕುತ್ತಿರಬೇಕು. ಎಲ್ಲವೂ ಕರಗಿ, ಮರುದಿನದ ಅಳತೆ ಸರಿಬಂದ ಮೇಲೆಯೇ ಕೋಶಕ್ಕೆ ವಿದ್ಯುತ್ತು. ಮನೆಯ ಹೆಂಗಸರಿಗೆ ಈ ಕೆಲಸ ಒಪ್ಪಿಸಿದರೆ ಗಂಡಸರಿಗಿಂತ ಚೆನ್ನಾಗಿ ಮಾಡಿಯಾರು. ಹಿಟ್ಟಿಗೆ ಉಪ್ಪು ಕೂಡಿಸುವಾಗ ಅದು ಎಲ್ಲ ಕಡೆಗೂ ಸಮನಾಗಿ ಬೆರೆಯಬೇಕೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟರಲ್ಲಿಯೇ ಕಥೆ ಮುಗಿಯುತ್ತಿದ್ದರೆ ಚೆನ್ನಾಗಿತ್ತು. ಕೊಳದ ಕಟ್ಟೆಗೆ ಆ ಸೀಮೆಯವರು ಹಾಸುವುದು ಬಹುಮಟ್ಟಿಗೆ ಶಹಾಬಾದಿನ ಕಲ್ಲು. ಸುಣ್ಣದ ಜಾತಿಯ ಈ ಕಲ್ಲಿನ ಮೇಲೆ ಚೆಲ್ಲಿದ ಉಪ್ಪುನೀರು ಆರಿದಾಗ ಉಪ್ಪು ಕಲ್ಲಿನ ಸಂದುಗಳಲ್ಲಿ ಹರಳುಗಟ್ಟಿ, ಪದರು ಪದರಾಗಿ ಅದನ್ನು ಎಬ್ಬಿಸುತ್ತದೆ. ಬೀದರದ ಕೆಂಪು ಜಂಬಿಟ್ಟಿಗೆಯಂತೂ ತೂತು ತೂತಾದದ್ದು. ಅದಕ್ಕೆ ಅಪಾಯ ಇನ್ನೂ ಹೆಚ್ಚು. ಈಜು ಮುಗಿದ ಸಂಜೆ ಕಟ್ಟೆಯನ್ನು ಎರಡು ಕೊಡ ಸಿಹಿನೀರಿನಿಂದ ತೊಳೆಯುವ ಅಭ್ಯಾಸವಿದ್ದರೆ ಕಲ್ಲು ಉಳಿಯುತ್ತದೆ.

ಆವಿಯ ಲೆಕ್ಕವನ್ನೂ ನೋಡಬೇಕು. ದಿನಕ್ಕೆ ಐದು ಮಿಲಿಮೀಟರು ನೀರು ಆರುತ್ತದೆಂದು ಹಿಡಿದರೂ ವರ್ಷಕ್ಕೆ ಸುಮಾರು 58 ಘನಮೀಟರು. ಕೊಳದ ಒಟ್ಟು ನೀರಿಗಿಂತಲೂ ಹೆಚ್ಚು! ಮಳೆ ಕೊಟ್ಟಷ್ಟು ಕೊಟ್ಟ ಮೇಲೆ ಉಳಿದುದನ್ನು ಬಾವಿಯಿಂದ ತುಂಬಬೇಕು. ಕರಿಗಲ್ಲಿನ ಸೀಮೆಯ ಗಡಸು ನೀರು ಬರಬರುತ್ತ ಕೊಳದಲ್ಲಿ ಇನ್ನೂ ಗಡಸಾಗುತ್ತದೆ. ಕೋಶದ ಫಲಕಗಳ ಮೇಲೆ, ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಕಟ್ಟುವಂಥದೇ ಬಿಳಿಯ ಪೊರೆ ಕಟ್ಟುತ್ತದೆ. ಅದನ್ನು ಆಗಾಗ ತೆಳುವಾದ ಆಮ್ಲದಿಂದ ತೊಳೆಯದಿದ್ದರೆ, ಉಪ್ಪು ಸರಿಯಾಗಿದ್ದರೂ ಕ್ಲೋರೀನು ಹುಟ್ಟದು.

ಆದರೆ ಇವೆಲ್ಲ ಕೊಳದ ಒಡೆಯನೊಬ್ಬನ ಕಷ್ಟಗಳು. ನೆರೆಯವನ ಕಷ್ಟ ಬೇರೆಯುಂಟು.

ಬೀದರದ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಎಂಬ ನೆಲದಡಿಯ ಕಾಲುವೆಯನ್ನು ಇಂದಿಗೂ ನೋಡಬಹುದು. ಮೇಲಿನ ಜಂಬಿಟ್ಟಿಗೆ ಮಳೆಯ ನೀರನ್ನು ಕೆಳಗಿಳಿಸುತ್ತದೆ. ಅಡಿಯ ಕರಿಗಲ್ಲು ಅದನ್ನು ತಡೆಯುತ್ತದೆ. ಆ ಎರಡರ ಸಂಧಿಯಲ್ಲಿ ಹರಿಯುವ ನೀರನ್ನು ಹಿಡಿದು ಊರಿಗೆ ತಂದವರ ಜಾಣ್ಮೆ ಅದು. ಆ ಕಾಲುವೆಯನ್ನು ನೋಡಿದವರಿಗೆ ಒಂದು ಸಂಗತಿ ಬೇರೆ ಹೇಳಬೇಕಾಗಿಲ್ಲ: ಇಲ್ಲಿ ನೆಲದ ಮೇಲೆ ಚೆಲ್ಲಿದ ನೀರು ಚೆಲ್ಲಿದಲ್ಲಿಯೇ ನಿಲ್ಲುವುದಿಲ್ಲ. ಯಾರದೋ ಅಂಗಳದಲ್ಲಿ ಇಂಗಿದುದು ಯಾರದೋ ಬಾವಿಯಲ್ಲಿ ಏಳುತ್ತದೆ.

ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಮಿನೊಳಗಿರಬೇಕೆಂದು ಭಾರತೀಯ ಮಾನಕವು ಹೇಳುತ್ತದೆ. ಬೇರೆ ಗತಿಯಿಲ್ಲದಿದ್ದರೆ 1000ದವರೆಗೆ. ಮುಡಬಿಯ ಈ ಕೊಳದ ನೀರಿನಲ್ಲಿ ಅದು 2100ಕ್ಕೂ ಹೆಚ್ಚು. ಕೊಳವನ್ನು ಒಮ್ಮೆ ಬರಿದು ಮಾಡಿದರೆ ಅದರಲ್ಲಿಯ ಉಪ್ಪು ಸುಮಾರು ನಾಲ್ಕು ಲಕ್ಷ ಲೀಟರು ಶುದ್ಧ ನೀರನ್ನು ಆ ಎಲ್ಲೆಗೆ ತಂದು ನಿಲ್ಲಿಸಬಲ್ಲುದು. ಮರಳಿನ ಶೋಧಕವನ್ನು ತೊಳೆಯುವಾಗ ಸಾವಿರ ಲೀಟರು ಹೊರಹೋದರೆ ಪ್ರತಿಸಲವೂ ಮೂರೂವರೆ ಕಿಲೋ ಉಪ್ಪು ಹೊರಬಿದ್ದಂತೆ. ಅದು ತೊಗರಿಯ ಹೊಲದ ಕರಿಮಣ್ಣಿಗೆ ಹರಿದರೆ, ಉಪ್ಪಿನ ಸೋಡಿಯಂ ಅಂಶವು ಮಣ್ಣಿನ ಸಣ್ಣ ಕಣಗಳನ್ನು ಬಿಡಿಸಿ, ನೀರು ಇಳಿಯದ, ಗಾಳಿಯಾಡದ ಅಂಟುನೆಲವನ್ನಾಗಿ ಮಾಡುತ್ತದೆ. ಮೊದಲ ವರ್ಷ ಯಾರ ಕಣ್ಣಿಗೂ ಬೀಳದು. ಕೆಲವು ವರ್ಷಗಳ ಮೇಲೆ ಬೆಳೆ ಕುಂದಿದಾಗ ರೈತನು ಬೀಜವನ್ನು ಬೈಯುತ್ತಾನೆ, ಗೊಬ್ಬರವನ್ನು ಬೈಯುತ್ತಾನೆ. ನೆರೆಯ ತೋಟದ ಮನೆಯ ಕೊಳವು ಅವನ ನೆನಪಿಗೆ ಬರುವುದಾದರೂ ಹೇಗೆ?

ಒಳಚರಂಡಿಯಿಲ್ಲದ, ಬಾವಿಯ ನೀರನ್ನೇ ನಂಬಿದ ಊರಿನಲ್ಲಿ ಉಪ್ಪಿನ ಕೊಳವು ಅಷ್ಟೊಂದು ಜಾಣತನದ ಆಯ್ಕೆಯಲ್ಲವೆಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಅಲ್ಲಿ ಸಾಮಾನ್ಯ ಕ್ಲೋರೀನಿನ ಕೊಳವೇ ಮೇಲು. ಅದರ ನೀರನ್ನು ಕೆಲವು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರೀನು ಕಳೆಯುತ್ತದೆ, ಉಪ್ಪು ಹೆಚ್ಚಿಲ್ಲದಿದ್ದರೆ ಗಿಡಕ್ಕೂ ಹಾಕಬಹುದು. ಉಪ್ಪಿನದೇ ಬೇಕೆಂಬ ಹಟವಿದ್ದರೆ, ಮೂಟೆ ಬಿಚ್ಚುವುದಕ್ಕೆ ಮುಂಚೆಯೇ ತೊಳೆದ ನೀರು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡಿರಬೇಕು. ನೀರು ಇಂಗದಂತೆ ತಳಕ್ಕೆ ಹಾಸು ಹಾಸಿದ ಒಂದು ಆಳವಿಲ್ಲದ ತೊಟ್ಟಿಯಲ್ಲಿ ಅದನ್ನು ಬಿಸಿಲಿಗೆ ಆರಗೊಟ್ಟು, ಉಳಿದ ಉಪ್ಪನ್ನು ಬಳಿದು ತೆಗೆಯುವುದು ಒಂದು ಉಪಾಯ. ಸಾಣಿಕಟ್ಟೆಯ ಗದ್ದೆಗಳಲ್ಲಿ ನಡೆಯುವುದೂ ಅದೇ ತಾನೆ! ಮರಳಿನ ಶೋಧಕಕ್ಕೆ ಬದಲಾಗಿ ಹೊರತೆಗೆದು ತೊಳೆಯುವ ಬಟ್ಟೆಯಂಥ ಶೋಧಕವನ್ನಿಟ್ಟರೆ ಹೊರಹೋಗುವ ನೀರೂ ಬಹಳ ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ನೀರಿನ ಮಟ್ಟವನ್ನು ಒಂದು ಗೇಣು ತಗ್ಗಿಸಿಟ್ಟುಕೊಂಡರೆ ಕಟ್ಟೆ ಮೀರಿ ಹರಿಯುವುದೂ ತಪ್ಪೀತು.

ಉಪ್ಪು ಹಾಕಿದ ಮರುದಿನದ ಅಳತೆ ಸರಿಬಂದರೆ, ತಂದ ಮೂಟೆಗಳಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ತೇವ ಸೋಕದ ಕಡೆ, ಬಾಯಿ ಬಿಗಿದು ಇಡಬೇಕು. ಆಮ್ಲದ ಸೀಸೆಗಳ ಬಳಿಯಂತೂ ಇಡಬಾರದು. ಚೀಲದ ಮೇಲೆ ‘ಕೊಳದ ಉಪ್ಪು’ ಎಂದು ದಪ್ಪಕ್ಷರದಲ್ಲಿ ಬರೆದಿಡುವುದು ಒಳ್ಳೆಯದು. ಅಡಿಗೆಮನೆಯಲ್ಲಿ ಉಪ್ಪು ತೀರಿದ ದಿನ ಯಾರಾದರೂ ಅವಸರದಲ್ಲಿ ಅದಕ್ಕೇ ಕೈ ಹಾಕಿಯಾರು. ಅದರಲ್ಲಿ ಅಯೋಡಿನಿಲ್ಲ, ಊಟಕ್ಕೆಂದು ಶುದ್ಧಮಾಡಿದ್ದೂ ಅಲ್ಲ.